ಎಲ್ಲಿಗೆ ಹೊರಟೆ, ಮೇಯರಮ್ಮ

ಹ್ಯಾನ್ಲನ್ ಮಿಲ್ಸ್, ಪೆನ್ಸಿಲ್ವೇನಿಯಾ
29 ಮಾರ್ಚ್ 2020

ಶ್ರೀ,

ಅಕ್ಷರ ನೋಡಿ ನಗಬೇಡ. ಕೈಯಲ್ಲಿ ಕನ್ನಡ ಬರೆದು ಎಷ್ಟೋ ವರ್ಷವಾಯಿತು. ಒತ್ತಕ್ಷರ ಬಂದಾಗಲೆಲ್ಲ ಪೆನ್ನು ನಿಂತುಬಿಡುತ್ತದೆ. ಫೋನ್ ಇರುವಾಗ ನಿಮ್ಮಕ್ಕನಿಗೆ ಇದೇನು ಹೊಸ ಶೋಕಿ ಅಂತ ನಿನ್ನ ಗಂಡ ಮೂರ್ತಿ ಕೇಳಿಯೇ ಕೇಳುತ್ತಾನೆ. ಮೇಯರ್ ಆದವಳ ಈಮೇಲು, ಮೆಸೇಜು ಎಲ್ಲವೂ ಸಾರ್ವಜನಿಕ ದಾಖಲೆ, ಪೇಪರಿನವರು ಅರ್ಜಿ ಹಾಕಿದರೆ ತೆಗೆದುಕೊಡಬೇಕಾದೀತು ಅಂತ ನಗರಸಭೆಯ ವಕೀಲರು ಹೆದರಿಸಿಟ್ಟಿದ್ದಾರೆ. ಫೋನಿನಲ್ಲಿ ಮಾತಾಡೋಣವೆಂದರೆ ನಿಮ್ಮ ಭಾವ ಪಕ್ಕದಲ್ಲೇ ಕೂತಿರುತ್ತಾರೆ, ಲಾಕ್‌ಡೌನ್ ಆದಮೇಲೆ ಅಡುಗೆಮನೆಯೇ ಅವರ ಆಫೀಸು. ಆದ್ದರಿಂದ ಫೋನಿನಲ್ಲಿ ಸಾರು ಪಲ್ಯದ ವಿಷಯ ಮಾತ್ರ. ಮನಸ್ಸಿನ ವಿಷಯ ಕಾಗದದಲ್ಲಿ.

ನಮ್ಮ ಪ್ಯಾಟ್ ಡೋಹರ್ಟಿ ಆಸ್ಪತ್ರೆಯಲ್ಲಿದ್ದಾನೆ. ಬಾಯಿಗೆ ನಳಿಕೆ ಹಾಕಿದ್ದಾರಂತೆ. ಹೆಂಡತಿ ಮೌರೀನ್‌ಳನ್ನೂ ಒಳಗೆ ಬಿಡುತ್ತಿಲ್ಲ.

ನಿನಗೆ ಗೊತ್ತಲ್ಲ, ಆ ಮುದುಕ ಇಲ್ಲದಿದ್ದರೆ ನಾನು ಹೈಸ್ಕೂಲಿನ ಲೆಕ್ಕದ ಮೇಡಂ ಆಗಿಯೇ ರಿಟೈರ್ ಆಗುತ್ತಿದ್ದೆ. ಶಾಲೆಯ ಮುಂದೆ ಬಸ್ ನಿಲ್ಲಿಸುತ್ತಿಲ್ಲವೆಂದು ನಗರಸಭೆಗೆ ಜಗಳಕ್ಕೆ ಹೋದವಳನ್ನು ಹಿಡಿದು ಕೌನ್ಸಿಲ್ ಚುನಾವಣೆಗೆ ನಿಲ್ಲಿಸಿದವನು ಅವನು. ಮೇಯರ್ ಚುನಾವಣೆಯಲ್ಲಿ ನಾನು ಸೀರೆ ಉಟ್ಟು, ಅವನು ಫೈರ್ ಸ್ಟೇಷನ್ನಿನ ಹಳೇ ಟೋಪಿ ಹಾಕಿ, ಊರಿನ ಐರಿಷ್ ಮನೆಗಳ ಬಾಗಿಲನ್ನೆಲ್ಲ ತಟ್ಟಿದೆವು. "ನಿಮ್ಮ ಮಕ್ಕಳಿಗೆ ಲೆಕ್ಕ ಕಲಿಸಿದೋಳಿಗೆ ಊರಿನ ಲೆಕ್ಕ ನೋಡೋಕೆ ಬರಲ್ವಾ" ಅನ್ನುತ್ತಿದ್ದ. ಆ ಮನೆಗಳ ವೋಟಿನಿಂದಲೇ ಗೆದ್ದೆ.

ಈ ಸಲ ಐರಿಷ್ ಜನರ ಹಬ್ಬದ ಸೇಂಟ್ ಪ್ಯಾಟ್ರಿಕ್ ಮೆರವಣಿಗೆಗೆ ಅವನೇ ಮುಖ್ಯಸ್ಥ. ಮಾರ್ಚ್ ಏಳರಂದು ಇಡೀ ಊರು ರಸ್ತೆಯಲ್ಲಿತ್ತು. ಸಿಕ್ಕಸಿಕ್ಕವರೆಲ್ಲ ಅವನನ್ನು ಅಪ್ಪಿಕೊಂಡರು. ವಾರ ಕಳೆಯುವುದರೊಳಗೆ ಜ್ವರ ಬಂತು. ಅವನೊಬ್ಬನಿಗೇ ಅಲ್ಲ, ಊರಿನಲ್ಲಿ ಆಗಲೇ ಹದಿನಾಲ್ಕು ಜನ ಹೋದರು. ಮೇಯರ್ ಯಾಕೆ ಮೆರವಣಿಗೆ ನಿಲ್ಲಿಸಲಿಲ್ಲ ಅಂತ ಪೇಪರಿನವರು ಶುರುಮಾಡಿದ್ದಾರೆ.

ಯಾರಿಗೆ ಗೊತ್ತಿತ್ತು ಹೇಳು? ಯಾರೂ ಏನೂ ಹೇಳಿರಲಿಲ್ಲ. ಆ ದಿನ ಬೆಳಿಗ್ಗೆ ನೀನೂ ಫೋನ್ ಮಾಡಿ ಒಳ್ಳೇದಾಗಲಿ ಅಂದೆಯಲ್ಲ. ಅದು ನೆನಪಾದಾಗ ಸ್ವಲ್ಪ ಸಮಾಧಾನವಾಗುತ್ತದೆ.

ಐಶುವಿಗೆ ಮುತ್ತು.

ಜಯಕ್ಕ


ಲೆಟರ್‌ಕೆನ್ನಿ
ಐರ್ಲೆಂಡ್
3 ಮೇ 2020

ಪ್ರೀತಿಯ ಅಕ್ಕ,

ನಿನ್ನ ಕಾಗದ ಮೊನ್ನೆ ಬಂತು. ವಿಮಾನಗಳೇ ಹಾರುತ್ತಿಲ್ಲವಲ್ಲ, ಟಪಾಲು ಯಾವ ಸಮುದ್ರ ಸುತ್ತಿ ಬಂತೋ. ಪ್ಯಾಟ್ ಈಗಾಗಲೇ ಹುಷಾರಾಗಿ ಮನೆಗೆ ಬಂದು ನಿನ್ನನ್ನು ರೇಗಿಸುತ್ತಿರಬಹುದು. ಫೋನಿನಲ್ಲಿ ಕೇಳೋಣವೆಂದರೆ ಆ ಮಾತು ಬೇಡವೆಂದು ನೀನೇ ಕಟ್ಟು ಹಾಕಿದ್ದೀಯ. ನಾನೂ ಸಾರಿನ ಪುಡಿಯ ವಿಷಯ ಮಾತಾಡಿ ಇಡುತ್ತಿದ್ದೇನೆ.

ಬೇಸಿಗೆಯಲ್ಲಿ ಪ್ಯಾಟ್ ಮತ್ತು ಮೌರೀನ್ ಬರುತ್ತಾರೆಂದು ಮೇಲಿನ ರೂಮಿಗೆ ಹೊಸ ಪರದೆ ಹಾಕಿಸಿದ್ದೆ. ಪ್ಯಾಟ್ ಅವರ ತಾತ ಹುಟ್ಟಿದ ರಾತ್‌ಮುಲ್ಲನ್ ಇಲ್ಲಿಂದ ಅರ್ಧ ಗಂಟೆಯ ದಾರಿ. ಈಗ ಅಲ್ಲಿಗೆ ನಾವೇ ಹೋಗುವ ಹಾಗಿಲ್ಲ, ಮನೆಯಿಂದ ಎರಡು ಕಿಲೋಮೀಟರ್ ದಾಟಿದರೆ ಇಲ್ಲಿಯ ಪೊಲೀಸರು, ಗಾರ್ಡಾ, ಕೈ ಅಡ್ಡ ಹಿಡಿಯುತ್ತಾರೆ. ನನಗೆ ಆಸ್ಪತ್ರೆಯ ಲ್ಯಾಬಿಗೆ ಹೋಗಲು ಪತ್ರ ಕೊಟ್ಟಿದ್ದಾರೆ. ಮೂರ್ತಿ ಮಲಗುವ ಕೋಣೆಯಲ್ಲೇ ಕೂತು ಕಂಪನಿ ಕೆಲಸ ಮಾಡುತ್ತಾರೆ. ಐಶುವನ್ನು ಹೇಗಿದ್ದೀಯ ಅಂತ ಕನ್ನಡದಲ್ಲಿ ಕೇಳಿದರೆ "ಗ್ರ್ಯಾಂಡ್" ಅನ್ನುತ್ತಾಳೆ, ಇಲ್ಲಿಯವರ ಬಾಯಲ್ಲಿ ಚೆನ್ನಾಗಿದ್ದೀನಿ ಅಂತ. ಊಟ ಬೇಕಾ ಅಂದರೂ ಗ್ರ್ಯಾಂಡ್, ಅತ್ತಾಗಲೂ ಗ್ರ್ಯಾಂಡ್. ಈ ಊರಿನವರೆಲ್ಲ ಹಾಗೆಯೇ. ನಾನೂ ಕಲಿತಿದ್ದೇನೆ.

ಮೆರವಣಿಗೆಯ ದಿನ ಪ್ಯಾಟ್ ನಿನ್ನ ಫೋನ್ ಕಿತ್ತುಕೊಂಡು ನನ್ನ ಜೊತೆ ಮಾತಾಡಿದ್ದು ಮರೆಯಲಾರೆ. "ನಿನ್ನ ಅಕ್ಕ ಹಸಿರು ರೇಷ್ಮೆ ಸೀರೆ ಉಟ್ಟಿದ್ದಾಳೆ. ಇಡೀ ಊರಿನಲ್ಲಿ ನನಗಿಂತ ಅವಳೇ ಹೆಚ್ಚು ಐರಿಷ್" ಅಂದರು. ಎಷ್ಟು ಖುಷಿಯಾಗಿದ್ದರು.

ಅಕ್ಕ, ನಿನ್ನ ತಪ್ಪಲ್ಲ. ಆಗ ಯಾರಿಗೂ ಇಷ್ಟಾಗುತ್ತದೆಂದು ಗೊತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಶ್ರೀ


ಹ್ಯಾನ್ಲನ್ ಮಿಲ್ಸ್
7 ಜೂನ್ 2020

ಶ್ರೀ,

ಪ್ಯಾಟ್ ಏಪ್ರಿಲ್‌ನಲ್ಲೇ ಹೋದ. ನೀನು ಕಾಗದ ಬರೆಯುವಾಗ ಅವನನ್ನು ಮಣ್ಣು ಮಾಡಿ ಎಷ್ಟೋ ದಿನವಾಗಿತ್ತು. ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ.

ಚರ್ಚಿನೊಳಗೆ ಹತ್ತು ಜನಕ್ಕೆ ಮಾತ್ರ ಅವಕಾಶ. ಉಳಿದವರು ಕಾರಿನಲ್ಲೇ ಕೂತಿದ್ದೆವು. ಫೈರ್ ಎಂಜಿನ್ ನಿಧಾನವಾಗಿ ಅವನ ಮನೆಯ ಮುಂದೆ ಹಾದುಹೋಯಿತು. ಮೌರೀನ್ ಬಾಗಿಲಲ್ಲಿ ನಿಂತಿದ್ದಳು. ನಾನು ಕಾರಿಳಿದು ಅವಳ ಹತ್ತಿರ ಹೋಗಲಿಲ್ಲ. ದೂರ ಕಾಪಾಡಬೇಕೆಂಬ ನಿಯಮ ಇತ್ತಲ್ಲ, ಅದನ್ನು ನೆಪ ಮಾಡಿಕೊಂಡೆ.

ಈಗ ಕೌನ್ಸಿಲ್ ವಿಚಾರಣೆ ನಡೆಸುತ್ತಿದೆ. ನಮ್ಮ ನಗರದ ಆರೋಗ್ಯಾಧಿಕಾರಿ ಡಾಕ್ಟರ್ ಮಾರಿಸೋಲ್ ಅಂತ ಒಬ್ಬ ಹುಡುಗಿ ಇದ್ದಾಳೆ. ಮೆರವಣಿಗೆ ಬೇಡವೆಂದು ಮೊದಲೇ ನನಗೆ ಹೇಳಿದ್ದೆ ಅನ್ನುತ್ತಾಳೆ. ಬರೆದು ಕೊಟ್ಟಿದ್ದೆಯಾ ಅಂತ ಕೇಳಿದರೆ ಇಲ್ಲ. ಈಮೇಲಿಲ್ಲ, ಚೀಟಿಯಿಲ್ಲ. ಎಲ್ಲರೂ ತಲೆ ತಪ್ಪಿಸಿಕೊಳ್ಳುವ ಕಾಲ ಇದು.

ನಿನ್ನ ಕಾಗದ ಸಭೆಯ ಹಿಂದಿನ ದಿನ ಕೈಸೇರಿತು. ಎಷ್ಟು ಧೈರ್ಯ ಬಂತು ಗೊತ್ತಾ! ಎದ್ದು ನಿಂತು ಹೇಳಿದೆ: "ನನ್ನ ತಂಗಿ ಐರ್ಲೆಂಡಿನಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿದ್ದಾಳೆ. ಆವತ್ತು ಅವಳಿಗೇ ಗೊತ್ತಿರಲಿಲ್ಲ. ಲೆಕ್ಕದ ಮೇಡಂಗೆ ಹೇಗೆ ಗೊತ್ತಿರಬೇಕು?" ಮಾರಿಸೋಲ್ ತಲೆ ತಗ್ಗಿಸಿ ಕೂತಳು. ನೀನು ಅಷ್ಟು ದೂರದಲ್ಲಿದ್ದೂ ಅಕ್ಕನ ಕೈ ಹಿಡಿದೆ.

ಜಯಕ್ಕ


ಲೆಟರ್‌ಕೆನ್ನಿ
19 ಜುಲೈ 2020

ಅಕ್ಕ,

ನಿನ್ನ ಕಾಗದ ಓದಿ ಅಡುಗೆಮನೆಯಲ್ಲಿ ಕೂತುಬಿಟ್ಟೆ. ಪ್ಯಾಟ್ ಹೋದದ್ದಕ್ಕೆ ಅತ್ತೆ. ಆಮೇಲೆ ನೀನು ನನ್ನ ಹೆಸರು ಹೇಳಿದ್ದು ಓದಿ ಅಳುವೂ ನಿಂತುಹೋಯಿತು.

ನನಗೆ ಗೊತ್ತಿತ್ತು ಅಕ್ಕ.

ಲ್ಯಾಬಿನಲ್ಲಿ ನನ್ನ ಜೊತೆ ಇಟಲಿಯ ಕ್ಯಾತೆರೀನಾ ಅಂತ ಇದ್ದಾಳೆ. ಮಾರ್ಚ್ ಆರನೇ ತಾರೀಖು ಕ್ಯಾಂಟೀನಿನಲ್ಲಿ ಚಹಾ ಮುಂದಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅವಳ ಸೋದರಮಾವ ಹೋಗಿದ್ದರು. ಊರಿನ ಆಸ್ಪತ್ರೆಯಲ್ಲಿ ವಯಸ್ಸಾದವರಿಗೆ ಹಾಸಿಗೆ ಸಾಲುತ್ತಿಲ್ಲ, ಜನ ಸೇರಿದ ಕಡೆಯೆಲ್ಲ ಹರಡುತ್ತಿದೆ ಅಂದಳು. ಆ ಮಧ್ಯಾಹ್ನವೇ ನಮ್ಮನ್ನೆಲ್ಲ ಕರೆದು ತಯಾರಾಗಿರಿ ಅಂತ ಹೇಳಿದರು. ಇಲ್ಲಿಯ ಮೆರವಣಿಗೆಗಳೂ ನಿಲ್ಲುತ್ತವೆಂದು ಎಲ್ಲರ ಬಾಯಲ್ಲೂ ಇತ್ತು. ಮೂರ್ತಿ "ನಿಮ್ಮಕ್ಕಂಗೆ ಒಂದು ಮಾತು ಹೇಳು, ಅವರ ಪರೇಡ್ ನಾಳೆ ಅಲ್ವಾ" ಅಂದರು. ಮಾರನೇ ದಿನ ಅದಕ್ಕೇ ಫೋನ್ ಮಾಡಿದ್ದು.

ನೀನು ಫೋನ್ ಎತ್ತಿದ ಕೂಡಲೇ "ಬಾಗಿಲಲ್ಲಿದ್ದೀನಿ ಕಣೆ, ಹೊರಟೆ" ಅಂದೆ. ಅಷ್ಟೇ ಸಾಕಾಯಿತು. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಅಮ್ಮ ನಮಗೆ ಹೇಗೆ ಕಲಿಸಿದ್ದಳು ನೆನಪಿದೆಯಲ್ಲ. ಅಪ್ಪ ಗಾರ್ಡ್ ಡ್ಯೂಟಿಗೆ ಪೆಟ್ಟಿಗೆ ಹಿಡಿದು ಹೊಸ್ತಿಲು ದಾಟಿದರೆ ಯಾರೂ ಉಸಿರೆತ್ತಬಾರದು. ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು, ಹಿಂದಿನಿಂದ ಕರೆಯಬಾರದು, ಕೆಟ್ಟ ಮಾತು ಆಡಬಾರದು. ಹಸಿರು ಸೀರೆ ಉಟ್ಟು ಒಳ್ಳೇ ಕೆಲಸಕ್ಕೆ ಹೊರಟ ಅಕ್ಕನಿಗೆ ಸಾವಿನ ಸುದ್ದಿ ಹೇಗೆ ಹೇಳಲಿ? ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. ಆಮೇಲೆ, ನಿನ್ನನ್ನು ಕರೆದೊಯ್ಯಲು ಬಂದಿದ್ದ ಪ್ಯಾಟ್ ಮಾತಾಡಿದರು. ಅವರಿಗೂ ಒಳ್ಳೇದಾಗಲಿ ಅಂದೆ.

ಓದಿದವಳು, ಲ್ಯಾಬಿನಲ್ಲಿ ಕೆಲಸ ಮಾಡುವವಳು, ಅಪಶಕುನಕ್ಕೆ ಹೆದರಿ ಬಾಯಿ ಮುಚ್ಚಿಕೊಂಡೆ. ನನಗೆ ನಾಚಿಕೆಯಾಗುತ್ತದೆ. ಆಮೇಲೆ ನಿನ್ನ ತಪ್ಪಲ್ಲ ಅಂತ ಬರೆದದ್ದೂ ನನ್ನನ್ನು ನಾನು ಉಳಿಸಿಕೊಳ್ಳಲು.

ಹೋದ ಭಾನುವಾರ ರಾತ್‌ಮುಲ್ಲನ್‌ಗೆ ಹೋಗಿದ್ದೆವು. ಈಗ ಓಡಾಡಲು ಬಿಟ್ಟಿದ್ದಾರೆ. ಸಮುದ್ರದ ದಂಡೆಯ ಸ್ಮಶಾನದಲ್ಲಿ ಎಲ್ಲಿ ನೋಡಿದರೂ ಡೋಹರ್ಟಿಗಳು. ಪ್ಯಾಟ್‌ನ ತಾತನ ಮನೆಯವರು ಯಾರೋ ಗೊತ್ತಾಗಲಿಲ್ಲ. ಎಲ್ಲ ಕಲ್ಲಿನ ಮುಂದೆಯೂ ನಿಂತು ಬಂದೆ.

ಆ ಡಾಕ್ಟರ್ ಹುಡುಗಿ ನಿಜವಾಗಿ ನಿನಗೆ ಹೇಳಿರಲಿಲ್ಲವಾ?

ಶ್ರೀ


ಹ್ಯಾನ್ಲನ್ ಮಿಲ್ಸ್
6 ಸೆಪ್ಟೆಂಬರ್ 2020

ಶ್ರೀ,

ಮೊದಲು ಕೋಪ ಬಂತು. ಇವಳಿಗೆ ಗೊತ್ತಿದ್ದೂ ಸುಮ್ಮನಿದ್ದಳಲ್ಲ ಅಂತ ನಿಮ್ಮ ಭಾವನ ಮೇಲೆ ರೇಗಾಡಿದೆ. ಪಾಪ, ಅವರಿಗೆ ಏನೂ ಅರ್ಥವಾಗಲಿಲ್ಲ. "ಕಾಫಿ ಸರಿಯಾಗಿಲ್ವಾ" ಅಂದರು.

ಕೋಪ ಇಳಿದಮೇಲೆ ನಿನ್ನ ಮುಖ ಕಣ್ಣ ಮುಂದೆ ಬಂತು. ಚಿಕ್ಕವಳಿದ್ದಾಗ ಲೋಟ ಒಡೆದರೆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತುಬಿಡುತ್ತಿದ್ದೆ. ಯಾರೂ ಬೈಯುವ ಮೊದಲೇ ಶಿಕ್ಷೆ ನೀನೇ ತಗೊಳ್ಳುತ್ತಿದ್ದೆ. ಈಗಲೂ ಆ ದೂರದ ದೇಶದಲ್ಲಿ ಹಾಗೆಯೇ ನಿಂತಿದ್ದೀಯ ಅನ್ನಿಸಿತು. ಅದಕ್ಕೆ ಹೇಳುತ್ತೇನೆ, ಕೇಳು. ನೀನು ಹೇಳಿದ್ದರೂ ನಾನು ನಿಲ್ಲಿಸುತ್ತಿರಲಿಲ್ಲ. ಮಾರಿಸೋಲ್ ಎದುರಿಗೆ ನಿಂತು ಹೇಳಿದಾಗಲೇ ನಿಲ್ಲಿಸದವಳು, ನಿನ್ನ ಫೋನಿಗೆ ನಿಲ್ಲಿಸುತ್ತಿದ್ದೆನೇ?

ಹೌದು, ಹೇಳಿದ್ದಳು. ಎರಡು ದಿನ ಮೊದಲು ನನ್ನ ಟೇಬಲ್ ಮುಂದೆ ನಿಂತು, ಮೆರವಣಿಗೆ ಬೇಡ ಮೇಡಂ, ಈಮೇಲಿನಲ್ಲೂ ಬರೆದು ಕಳಿಸುತ್ತೇನೆ ಅಂದಳು. ಬರೆಯಬೇಡ, ಬರೆದರೆ ದಾಖಲೆ ಆಗುತ್ತದೆ, ಬಾಯಲ್ಲಿ ಹೇಳಿದೆಯಲ್ಲ ಸಾಕು ಅಂದೆ. ಹೊಸ ಹುಡುಗಿ, ಮೇಯರ್ ಮಾತು ಕೇಳಿದಳು. ನಾನು ಐರಿಷ್ ಮನೆಗಳ ವೋಟು ಲೆಕ್ಕ ಹಾಕುತ್ತ ಕೂತಿದ್ದೆ. ಸೀರೆಯವಳು ನಮ್ಮ ಹಬ್ಬ ನಿಲ್ಲಿಸಿದಳು ಅಂತ ಜನ ಎಲ್ಲಿ ಅನ್ನುತ್ತಾರೋ ಅನ್ನುವುದೇ ನನ್ನ ಭಯ.

ಆದ್ದರಿಂದ ನಿನ್ನ ತಲೆಯ ಮೇಲೆ ಏನೂ ಇಲ್ಲ. ಈ ಕಾಗದ ಒಲೆಗೆ ಹಾಕು. ಮಾರಿಸೋಲ್ ಬಗ್ಗೆ ಯೋಚಿಸಬೇಡ, ಚಿಕ್ಕ ವಯಸ್ಸು, ಬೇರೆ ಕಡೆ ಒಳ್ಳೆಯ ಕೆಲಸವೇ ಸಿಗುತ್ತದೆ. ನಾನು ಇಲ್ಲಿ ಇನ್ನೊಂದು ಸಲ ನಿಂತು ಗೆಲ್ಲಬೇಕು. ಪ್ಯಾಟ್‌ಗೆ ಅದೇ ಆಸೆಯಿತ್ತು.

ಜಯಕ್ಕ


ಲೆಟರ್‌ಕೆನ್ನಿ
10 ಫೆಬ್ರವರಿ 2021

ಅಕ್ಕ,

ಐದು ತಿಂಗಳು ಬರೆಯಲಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ ಮಾತಾಡಿದೆವು, ಗೊಜ್ಜು, ಪುಳಿಯೋಗರೆ, ಐಶುವಿನ ಆನ್‌ಲೈನ್ ಪರೀಕ್ಷೆ. ಫೋನ್ ಇಟ್ಟಮೇಲೆ ಪ್ರತಿ ಸಲವೂ ನನಗೆ ಸಂಕಟವಾಗುತ್ತಿತ್ತು.

ಜನವರಿಯಲ್ಲಿ ಇಲ್ಲಿ ಅನುಭವಿಸಿದ್ದನ್ನು ಬರೆಯಲಾರೆ. ಲ್ಯಾಬಿನಿಂದ ಮನೆಗೆ ಬಂದು ಬೂಟು ಬಿಚ್ಚದೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ. ಪಕ್ಕದ ಮನೆಯ ಬ್ರಿಜಿಡ್ ಬಾಗಿಲಲ್ಲಿ ಬಿಸಿ ಬ್ರೆಡ್ ಇಟ್ಟು ಗಂಟೆ ಒತ್ತಿ ಓಡಿಹೋಗುತ್ತಿದ್ದಳು. ಮತ್ತೆ ಐದು ಕಿಲೋಮೀಟರಿನ ಕಟ್ಟು. ನನಗೆ ಲಸಿಕೆ ಸಿಕ್ಕಿದೆ, ನನ್ನ ಚಿಂತೆ ಬಿಡು.

ಮೂರ್ತಿ ನಿಮ್ಮೂರಿನ ಪೇಪರನ್ನು ಇಂಟರ್ನೆಟ್ಟಿನಲ್ಲಿ ಓದುತ್ತಾರೆ. ಮಾರಿಸೋಲ್‌ಳನ್ನು ಅಕ್ಟೋಬರಿನಲ್ಲೇ ಕೆಲಸದಿಂದ ತೆಗೆದರಂತೆ. ಎಚ್ಚರಿಕೆ ಕೊಡದೆ ಸುಮ್ಮನಿದ್ದ ಅಧಿಕಾರಿ ಅಂತ ಬರೆದಿದ್ದರು. ಯಾರೋ ಅವಳ ಮನೆಯ ಗೋಡೆಗೆ ಕೆಂಪು ಬಣ್ಣದಲ್ಲಿ ಪ್ಯಾಟ್‌ನ ಹೆಸರು ಬರೆದಿದ್ದರು, ಅದರ ಫೋಟೋ ಇತ್ತು. ಫೋಟೋದಲ್ಲಿ ಅವಳ ಅಮ್ಮ ಬಕೆಟ್ ಹಿಡಿದು ಉಜ್ಜುತ್ತಿದ್ದಳು. ನೀನು ಇದನ್ನು ನನಗೆ ಹೇಳಲೇ ಇಲ್ಲ.

ಮಾರ್ಚ್ ಏಳರಂದು ಫೈರ್ ಸ್ಟೇಷನ್ ಮುಂದೆ ಪ್ಯಾಟ್‌ನ ನೆನಪಿನ ಸಭೆ, ಅಲ್ಲೇ ಮತ್ತೆ ಮೇಯರ್ ಚುನಾವಣೆಗೆ ನಿಲ್ಲುವುದಾಗಿ ನೀನು ಘೋಷಿಸುತ್ತೀಯ ಅಂತ ಓದಿದೆ. ಅವರ ಸಾವಿನ ಮೇಲೆ ನಿಂತು ವೋಟು ಕೇಳುತ್ತೀಯಾ ಅಕ್ಕ? ಅದೂ ಆ ಹುಡುಗಿಯ ಮೇಲೆ ನಿನ್ನ ತಪ್ಪು ಹೊರಿಸಿ?

ಹೋದ ಸಲ ಅಮ್ಮನ ಮಾತನ್ನು ನಾನು ಅರ್ಧ ಮಾತ್ರ ನೆನಪಿಸಿಕೊಂಡಿದ್ದೆ. ಒಂದು ಸಂಜೆ ಅಪ್ಪ ಸಿಗ್ನಲ್ ಲಾಟೀನು ಮನೆಯಲ್ಲೇ ಬಿಟ್ಟು ಹೊರಟುಬಿಟ್ಟರು. ನಾನು ಅಪ್ಪಾ ಅಂತ ಕೂಗಲು ಹೋದೆ, ಅಮ್ಮ ಬಾಯಿ ಮುಚ್ಚಿದಳು. ನೀನು ಲಾಟೀನು ಹಿಡಿದು ಹಿತ್ತಲ ಬಾಗಿಲಿನಿಂದ ಓಡಿ, ಓಣಿ ಸುತ್ತಿ, ಅಪ್ಪನ ಎದುರಿಗೆ ಹೋಗಿ ನಿಂತೆ. ಅಮ್ಮ ಅದನ್ನೇ ಹೇಳುತ್ತಿದ್ದಳು: "ಹಿಂದಿನಿಂದ ಕರೀಬ್ಯಾಡ್ರಿ ಅಂದ್ರೆ ಸುಮ್ನಿರಿ ಅಂತಲ್ಲ. ಮುಂದೆ ಹೋಗಿ ನಿಂತು ಹೇಳಿ." ಅದು ನನಗೆ ಹೊಳೆಯಲೇ ಇಲ್ಲ.

ಈಗ ನಾನು ಓಡಿಬಂದು ನಿನ್ನ ಎದುರಿಗೆ ನಿಲ್ಲಲು ದಾರಿಯಿಲ್ಲ. ಈ ಕಾಗದ ಹೊತ್ತಿಗೆ ಸರಿಯಾಗಿ ಬಂದರೆ ಅದೇ ನಾನು ಅಂದುಕೋ. ಹೋಗಬೇಡ ಅಕ್ಕ, ಒಂದು ಗಳಿಗೆ ತಡಿ. ಮೊದಲು ಆ ಹುಡುಗಿಯ ಹೆಸರಿಗೆ ಹತ್ತಿದ್ದನ್ನು ತೊಳಿ.

ನಿನ್ನ ಶ್ರೀ


ಹ್ಯಾನ್ಲನ್ ಮಿಲ್ಸ್
21 ಮಾರ್ಚ್ 2021

ಶ್ರೀ,

ನಿನ್ನ ಕಾಗದ ನಿನ್ನೆ ಬಂತು, ಎಲ್ಲ ಮುಗಿದಮೇಲೆ. ಪುಣ್ಯಕ್ಕೆ ನೀನು ಟಪಾಲಿನವರನ್ನು ನಂಬಿ ಕೂರಲಿಲ್ಲ.

ಮಾರ್ಚ್ ಏಳರ ಬೆಳಿಗ್ಗೆ ನಿನ್ನ ಫೋನ್ ಬಂದಾಗ ನಾನು ಬಾಗಿಲಲ್ಲೇ ಇದ್ದೆ. ಅದೇ ಹಸಿರು ಸೀರೆ. ಕಾರು ಸ್ಟಾರ್ಟ್ ಆಗಿತ್ತು, ಭಾಷಣ ಕೈಚೀಲದಲ್ಲಿತ್ತು. ನೀನು ಹಲೋ ಕೂಡ ಅನ್ನಲಿಲ್ಲ. "ಅಕ್ಕಾ, ಎಲ್ಲಿಗೆ ಹೊರಟೆ?" ಅಂದೆ. ನಿಮ್ಮ ಭಾವನಿಗೇ ಕೇಳಿಸಿತು. "ಹೊರಡೋ ಹೊತ್ತಿಗೆ ಹಿಂಗಾ ಕೇಳೋದು, ಈ ಹುಡುಗಿಗೆ ಬುದ್ಧಿ ಇಲ್ವಾ" ಅಂದರು. ನೀನು ಎಷ್ಟು ಹೆದರಿ ಆ ಮಾತು ಆಡಿರಬಹುದು ಅಂತ ನನಗೆ ಗೊತ್ತು. ಪ್ಯಾಟ್ ಹೆಸರಿನಲ್ಲಿ ವೋಟು ಕೇಳಲು ಹೊರಟೆ ಅಂತ ನಿನಗೆ ಹೇಳಲಾರದೆ ಫೋನ್ ಇಟ್ಟೆ.

ಕರೆದರೆ ಒಳಗೆ ಬಂದು, ಕೂತು, ನೀರು ಕುಡಿದು ಹೋಗಬೇಕಲ್ಲ. ಬಂದೆ, ಕೂತೆ. ಭಾವ ನೀರು ತಂದುಕೊಟ್ಟರು. ಲೋಟ ಖಾಲಿಯಾಗುವಷ್ಟರಲ್ಲಿ ಭಾಷಣ ಚೀಲದಿಂದ ತೆಗೆದು ಟೇಬಲ್ ಮೇಲಿಟ್ಟು ಹೊರಟೆ.

ಫೈರ್ ಸ್ಟೇಷನ್ ಮುಂದೆ ಕುರ್ಚಿಗಳನ್ನು ದೂರ ದೂರ ಹಾಕಿದ್ದರು. ಹೋದ ವರ್ಷ ಮಾರ್ಚ್ ಐದರಂದು ಡಾಕ್ಟರ್ ಮಾರಿಸೋಲ್ ವೇಗಾ ನನಗೆ ಹೇಳಿದ್ದಳು, ಬರೆಯಬೇಡ ಅಂದವಳು ನಾನು, ಕೌನ್ಸಿಲ್ ಮುಂದೆ ಸುಳ್ಳು ಹೇಳಿದವಳೂ ನಾನು ಅಂದೆ. ತಂಗಿಗೆ ಗೊತ್ತಿರಲಿಲ್ಲ ಅಂದದ್ದೂ ಸುಳ್ಳು ಅಂದೆ. ಚುನಾವಣೆಗೆ ನಿಲ್ಲುವುದಿಲ್ಲ ಅಂದೆ. ಹಿಂದಿನಿಂದ ಯಾರೋ ಬೈದರು. ಮೂವತ್ತೈದು ವರ್ಷ ಇದ್ದ ಊರಿನಲ್ಲಿ ಮೊದಲ ಸಲ ನಿನ್ನ ದೇಶಕ್ಕೆ ಹೋಗು ಅನ್ನಿಸಿಕೊಂಡೆ. ಅದಕ್ಕಿಂತ ಕಷ್ಟವಾದದ್ದು ಮೌರೀನ್ ಆಡಿದ ಮಾತು. ಅವಳು ಎದ್ದು ಹತ್ತಿರ ಬಂದಳು. "ಪ್ಯಾಟ್‌ಗೆ ಹೇಳಿದ್ದೆಯಾ, ಡಾಕ್ಟರ್ ಬೇಡ ಅಂದಳು ಅಂತ?" ಅಂದಳು. ಇಲ್ಲ ಅಂದೆ. "ಹೇಳಿದ್ದರೂ ಅವನು ಮೆರವಣಿಗೆಯಲ್ಲಿ ನಡೆಯುತ್ತಿದ್ದ. ಆದರೆ ನೀನು ಹೇಳಬೇಕಾಗಿತ್ತು" ಅಂದು ಮನೆಗೆ ಹೋದಳು. ಅವಳು ಹೇಳಿದ್ದು ಸರಿ. ಅವಳು ನನ್ನನ್ನು ಕ್ಷಮಿಸಿಲ್ಲ, ಕ್ಷಮಿಸು ಅಂತ ನಾನು ಕೇಳಿಯೂ ಇಲ್ಲ.

ಮಾರಿಸೋಲ್‌ಗೆ ಕಾಗದ ಬರೆದೆ. ಇಂಗ್ಲಿಷಿನಲ್ಲಿ, ನಗರಸಭೆಯ ಮುದ್ರೆಯಿರುವ ಹಾಳೆಯಲ್ಲಿ, ನಡೆದದ್ದನ್ನೆಲ್ಲ. ಒಂದು ಪ್ರತಿ ಕಚೇರಿಯಲ್ಲಿಟ್ಟೆ, ಯಾರು ಅರ್ಜಿ ಹಾಕಿದರೂ ಸಿಗಲಿ ಅಂತ. ಅವಳಿಂದ ಇನ್ನೂ ಉತ್ತರ ಬಂದಿಲ್ಲ. ಕೆಲಸ ವಾಪಸ್ ಕೊಡುವ ವಿಷಯ ಕೌನ್ಸಿಲ್ ಮುಂದಿದೆ, ಆಗುತ್ತದೋ ಇಲ್ಲವೋ. ನನ್ನ ಮೇಲಿನ ವಿಚಾರಣೆ ಮಾತ್ರ ಖಂಡಿತ.

ಇನ್ನು ನಾವು ಫೋನಿನಲ್ಲೇ ಮಾತಾಡಬಹುದು, ಮುಚ್ಚಿಡುವುದು ಏನೂ ಉಳಿದಿಲ್ಲ. ದಾರಿ ತೆರೆದಮೇಲೆ ನಿನ್ನಲ್ಲಿಗೆ ಬಂದು ಆ ಹೊಸ ಪರದೆಯ ರೂಮಿನಲ್ಲಿ ಮಲಗಿ, ಮಾರನೇ ದಿನ ರಾತ್‌ಮುಲ್ಲನ್‌ಗೆ ಹೋಗಬೇಕು. ಆವತ್ತು ಬೆಳಿಗ್ಗೆ ನಾನು ಹೊಸ್ತಿಲು ದಾಟುವಾಗ ನಿನ್ನ ಮನೆಯವರೆಲ್ಲ ಕೇಳಲಿ, ಐಶುವೂ ಕೇಳಲಿ, ಎಲ್ಲಿಗೆ ಹೊರಟೆ ಅಂತ. ಪ್ಯಾಟ್ ಹತ್ತಿರ ಅಂತ ಹೇಳುತ್ತೇನೆ.

ಜಯಕ್ಕ